ವಾಪಸ್ ಪಡೆದ ಗೌರವಧನ

ಇದರಲ್ಲಿ ನನ್ನ ಪಾಲೂ ಇದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿರುವ ಒಂದು ಗ್ರಾಮ ಪಂಚಾಯಿತಿಗೆ ನಾನು ಸದಸ್ಯ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಆರಿಸಿ ಬಂದವನು. ಶಾಸಕರು ತಮ್ಮ ಸಂಬಳವನ್ನು ತಾವೇ ಏರಿಸಿಕೊಂಡರೆಂದು ಪತ್ರಿಕೆಯಲ್ಲಿ ಬಂದ ವಾರವೇ ನಮ್ಮ ತಿಂಗಳ ಸಭೆಯಿತ್ತು. ಎಲ್ಲರಿಗೂ ಸಿಟ್ಟು ಬಂದಿತ್ತು. ತೋಟವೂ ಅಡಿಕೆ ವ್ಯಾಪಾರವೂ ಇರುವ ನಮ್ಮ ಉಪಾಧ್ಯಕ್ಷರು ಎದ್ದು ನಿಂತರು.

"ಅವರು ಏರಿಸಿಕೊಳ್ಳಲಿ. ನಾವು ನಮ್ಮ ಗೌರವಧನ ಬಿಟ್ಟುಕೊಡುವ. ಆ ದುಡ್ಡಲ್ಲಿ ಒಂದು ಬಸ್ ತಂಗುದಾಣ ಆಗಲಿ."

ಅನುಮೋದಿಸಿದವನು ನಾನು. ಉಳಿದವರು ಮೇಜು ಕುಟ್ಟಿದರು. ಅಭಿವೃದ್ಧಿ ಅಧಿಕಾರಿ ತಲೆಗೊಂದು ಪತ್ರ ಬರೆಸಿ ತಂದರು. ಒಬ್ಬೊಬ್ಬರಾಗಿ ಸಹಿ ಹಾಕಿದೆವು. ಕೊನೆಯ ಕುರ್ಚಿಯಲ್ಲಿದ್ದ ಸದಸ್ಯೆ ಅನಾನಸ್ ಹೊಲಗಳಲ್ಲಿ ಕೂಲಿ ಮಾಡುವವಳು. ಆಕೆ ಪೆನ್ನು ಹಿಡಿದು ಸುಮ್ಮನೆ ಕೂತಿದ್ದಳು. "ಹಾಕು ತಂಗಿ, ಊಟದ ಹೊತ್ತಾಯ್ತು" ಎಂದವನೂ ನಾನೇ. ಹಾಕಿದಳು. ನಡಾವಳಿ ಪುಸ್ತಕದಲ್ಲಿ "ಸರ್ವಾನುಮತದಿಂದ" ಎಂದು ಬರೆದರು.

ಮುಂದಿನ ತಿಂಗಳು ಆಕೆ ಸಭೆಗೆ ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಹೀಗೇ ತಪ್ಪಿಸಿದರೆ ತಾನು ಮೇಲಕ್ಕೆ ಬರೆಯಬೇಕಾಗುತ್ತದೆ, ಸದಸ್ಯತ್ವವೇ ಹೋಗಬಹುದು ಎಂದು ಅಧಿಕಾರಿ ಹೇಳಿದರು. ಉಪಾಧ್ಯಕ್ಷರು ನಕ್ಕರು. "ಆಸಕ್ತಿ ಇಲ್ಲ. ಹೆಂಗಸರಿಗೆ ಬಸ್ಸು ಬಿಟ್ಟಿ, ಬರಲಿಕ್ಕೆ ಎಂತ ಕಷ್ಟ?"

ಮರುದಿನ ಬೆಳಿಗ್ಗೆ ಹೊಲಕ್ಕೇ ಹೋದೆ. ಲಾರಿಗೆ ಅನಾನಸ್ ತುಂಬುತ್ತಿದ್ದರು. ಬಸ್ಸು ಬಿಟ್ಟಿ ಇದ್ದರೂ ಸಭೆಗೆ ಏಕೆ ಬರುತ್ತಿಲ್ಲ ಎಂಬ ನನ್ನ ಮಾತನ್ನು ಆಕೆ ತಲೆಯ ಬುಟ್ಟಿ ಇಳಿಸದೆಯೇ ಕೇಳಿಸಿಕೊಂಡಳು.

"ಮಾಸ್ತರ್ರ, ಬಸ್ ಬಿಟ್ಟಿ ಐತ್ರಿ. ದಿನ ಬಿಟ್ಟಿ ಐತೇನ್ರಿ?"

ಆಮೇಲೆ ಬುಟ್ಟಿ ಇಳಿಸಿ ಹೇಳಿದಳು. ಸಭೆಗೆ ಒಂದು ದಿನ. ವಾರ್ಡಿನ ಮುದುಕಿಯರ ಪಿಂಚಣಿ ಕಾಗದ ಹಿಡಿದು ಶಿರಸಿಯ ತಾಲ್ಲೂಕು ಕಚೇರಿಗೆ ಒಂದು ದಿನ, ಸಾಹೇಬರು ಸಿಗದಿದ್ದರೆ ಇನ್ನೊಂದು ದಿನ. ಅಷ್ಟೂ ದಿನಗಳ ಕೂಲಿ ಹೋಗುತ್ತಿತ್ತು. ಗೌರವಧನ ಬಂದರೆ ಹೇಗೋ ಸರಿದೂಗುತ್ತಿತ್ತು.

"ಅವತ್ತೇ ಹೇಳಬಹುದಿತ್ತಲ್ಲ ತಂಗಿ?"

"ಎಲ್ಲಾರೂ ಬ್ಯಾಡ ಅಂದಾಗ ನಾ ಒಬ್ಬಾಕಿ ಬೇಕು ಅನ್ಲೇನ್ರಿ? ನಾಳೆ ಊರಾಗ ಓಟು ಕೇಳಾಕ ಹೋಗೋದು ಬ್ಯಾಡೇನ್ರಿ?"

ಸ್ಕೂಟರಿನಲ್ಲಿ ಹಿಂತಿರುಗುವಾಗ ದಾರಿಯುದ್ದಕ್ಕೂ ಇದೇ ಲೆಕ್ಕ ಹಾಕಿದೆ. ತೆಗೆದುಕೊಳ್ಳುವವರೇ ತಮ್ಮ ಸಂಬಳ ಗೊತ್ತುಮಾಡುವುದು ತಪ್ಪು ಎಂದು ಬೈದವರು ನಾವು. ದುಡ್ಡಿನ ಅಗತ್ಯವಿಲ್ಲದ ನಾವೇ ಕೂತು, ಅಗತ್ಯವಿದ್ದವರ ಗೌರವಧನವನ್ನು ಕಳೆದೆವು. ಹೀಗೇ ಆದರೆ ಮುಂದೆ ಆ ಕುರ್ಚಿಗಳಲ್ಲಿ ಪಿಂಚಣಿ ಇರುವ ನಾನು, ತೋಟ ಇರುವ ಉಪಾಧ್ಯಕ್ಷರು, ಇಷ್ಟೇ ಜನ ಉಳಿಯುತ್ತೇವೆ. ಸಭೆಯ ದಿನಕ್ಕೂ ಜನರ ಕೆಲಸಕ್ಕೆ ಓಡಾಡಿದ ದಿನಕ್ಕೂ ಊರಿನ ಕೂಲಿಗೆ ಕಡಿಮೆಯಾಗದಷ್ಟು ಸಿಗಬೇಕು. ಎಷ್ಟೆಂದು ಚುನಾವಣೆಗೆ ಮೊದಲೇ, ಆ ಕುರ್ಚಿಗಳಲ್ಲಿ ಕೂರದ ಹೊರಗಿನವರು ಹೇಳಿರಬೇಕು. ಸಭೆಯಲ್ಲಿ ಅದನ್ನು ಬಿಟ್ಟುಕೊಡುವ ಮಾತೇ ಎತ್ತಬಾರದು.

ಸಹಿ ಹಾಕಿದ ಪತ್ರವನ್ನು ಹಿಂತೆಗೆದುಕೊಳ್ಳಬಹುದೇ ಎಂದು ಅಧಿಕಾರಿಯನ್ನು ಕೇಳಿದೆ. "ನಿಮ್ಮ ಪತ್ರ ನಿಮಗೆ ಮಾತ್ರ ಅನ್ವಯ. ಯಾರಿಗೆ ಬೇಕೋ ಅವರು ಹಿಂತೆಗೆದುಕೊಳ್ಳಬಹುದು" ಎಂದರು. ಆದರೆ ಆಕೆ ಒಬ್ಬಳೇ ಹಿಂತೆಗೆದುಕೊಂಡರೆ ಊರಿನ ಕಣ್ಣಿಗೆ ಆಸೆಬುರುಕಿಯಾಗುತ್ತಿದ್ದಳು.

ಮುಂದಿನ ಸಭೆಗೆ ಬರಲೇಬೇಕೆಂದು ಹೇಳಿ ಕಳಿಸಿದೆ. ಬಂದಳು. ಮೊದಲ ವಿಷಯಕ್ಕೆ ಮುಂಚೆಯೇ ಎದ್ದು, ನನ್ನ ಗೌರವಧನ ನನಗೆ ಬೇಕು ಎಂಬ ಪತ್ರ ಓದಿದೆ.

ಉಪಾಧ್ಯಕ್ಷರು ನಮ್ಮಿಬ್ಬರ ಮನೆಮಾತಿಗೇ ಇಳಿದರು. "ಎಂತ ಮಾಸ್ತರೇ, ಪಿಂಚಣಿ ಸಾಕಾಗ್ತಿಲ್ಯ?"

"ಸಾಕಾಗ್ತು. ಆದ್ರೂ ತಗಳ್ತೆ."

"ಊರವು ಎಂತ ಹೇಳ್ತ ಗೊತ್ತಿದ್ದ?"

"ಹೇಳಲಿ."

ಯಾರೂ ಮೇಜು ಕುಟ್ಟಲಿಲ್ಲ. ಆಗ ಕೊನೆಯ ಕುರ್ಚಿ ಸರಿಯಿತು.

"ಸಾಹೇಬ್ರ, ನಂದೂ ಒಂದು ಬರಕೊಳ್ರಿ."

"ನಿಮಗೂ ಬೇಕಾ ಅಕ್ಕ?" ಎಂದರು ಉಪಾಧ್ಯಕ್ಷರು.

"ಬೇಕ್ರಿ. ಅವತ್ತೂ ಬೇಕಿತ್ರಿ."

ಅಂದಿನಿಂದ ಆಕೆ ಒಂದು ಸಭೆಯನ್ನೂ ತಪ್ಪಿಸಿಲ್ಲ. ಪೇಟೆಯ ಚಾದಂಗಡಿಯಲ್ಲಿ ನನ್ನನ್ನು "ಎರಡು ಪಗಾರದ ಮಾಸ್ತರು" ಎಂದು ಕರೆಯುತ್ತಾರೆ. ಆ ದುಡ್ಡು ಏನು ಮಾಡುತ್ತೀರಿ, ಯಾರಿಗಾದರೂ ಕೊಡುತ್ತೀರಾ ಎಂದು ಹತ್ತಿರದವರೇ ಕೇಳುತ್ತಾರೆ. ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನಾನು ಕೊಟ್ಟೆ ಎಂದು ಗೊತ್ತಾದ ದಿನ, ಇಟ್ಟುಕೊಂಡವಳು ಮತ್ತೆ ಆಕೆ ಒಬ್ಬಳೇ ಆಗುತ್ತಾಳೆ.