ಜಾಲರಿಗೆ ಸಿಕ್ಕ ಲಾವಂಚದ ಎಳೆ

ಸಿಂಚನಾ, ಪ್ರೀತಮ್ — ಕಣದ ಪಕ್ಕದ ಶೆಡ್ಡಿನಲ್ಲಿ ನಿಂತಿರುವ ನಿಮ್ಮ ಅಜ್ಜನ ಬೈಕು ಕೆಟ್ಟದ್ದು ಹಸನಬ್ಬನವರ ಕೈಯಿಂದಲ್ಲ. ಅದರ ಟ್ಯಾಂಕಿಗೆ ನೀರು ಹಾಕಿದವಳು ನಾನು.

ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ ಎಷ್ಟು ಚಿಕ್ಕ ಮಾತು.

ಕಳೆದ ವಾರ ನೀವಿಬ್ಬರೂ ಆ ಬೈಕಿನ ಮೇಲೆ ಹತ್ತಿ ಕೂತು ಬಾಯಲ್ಲೇ ಗುಡುಗುಡು ಸದ್ದು ಮಾಡುತ್ತಿದ್ದಿರಿ. ಇದು ಯಾಕೆ ಸ್ಟಾರ್ಟ್ ಆಗುವುದಿಲ್ಲ ಎಂದು ಪ್ರೀತಮ್ ಕೇಳಿದ. "ನೀರು ಹಸನಬ್ಬ ರಿಪೇರಿ ಮಾಡಿದ್ದಲ್ವಾ, ಅದಕ್ಕೆ" ಎಂದು ನಿಮ್ಮ ಅಪ್ಪ ನಕ್ಕ. ನಿಮಗೆ ಆ ಹೆಸರು ಬಹಳ ಹಿಡಿಸಿತು. ಸಂಜೆಯವರೆಗೂ ಅದನ್ನೇ ಕೂಗಿಕೊಂಡು ಅಂಗಳದ ತುಂಬ ಓಡಾಡಿದಿರಿ. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಸತ್ತುಹೋದ ಮನುಷ್ಯನಿಗೆ ನನ್ನಿಂದ ಅಂಟಿದ ಹೆಸರು ಮೊಮ್ಮಕ್ಕಳ ಬಾಯಿಗೂ ಬಂತಲ್ಲ ಎಂದು — ಆದರೂ ಎದ್ದು ಬಂದು ಸುಮ್ಮನಿರಿ ಎನ್ನಲಿಲ್ಲ. ನನಗೆ ಮಾತು ಬರುವುದಿಲ್ಲ, ನಿಮಗೇ ಗೊತ್ತು. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದೆ. ಅಲ್ಲಿಯೂ ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಹೋದದ್ದು ಕಳಸದ ದಾರಿಯ ಒಂದು ತಿರುವಿನಲ್ಲಿ. ಮಂಜಿನಲ್ಲಿ ನಿಂತಿದ್ದ, ಮರದ ದಿಮ್ಮಿ ತುಂಬಿದ ಲಾರಿ ಕಾಣಲಿಲ್ಲವಂತೆ. ಬೈಕಿಗೆ ಹೆಚ್ಚೇನೂ ಆಗಿರಲಿಲ್ಲ, ಹ್ಯಾಂಡಲ್ ಸ್ವಲ್ಪ ಸೊಟ್ಟಗಾಗಿತ್ತು. ಯಾರೋ ಅದನ್ನು ಜೀಪಿಗೆ ಹಾಕಿಕೊಂಡು ತಂದು ಶೆಡ್ಡಿನಲ್ಲಿ ನಿಲ್ಲಿಸಿದರು. ನಾನು ಅದರ ಮೇಲೆ ಖಾಲಿ ಗೋಣಿಚೀಲ ಹೊದೆಸಿದೆ. ಮೂರು ಮಳೆಗಾಲ ಅದು ಹಾಗೇ ನಿಂತಿತ್ತು.

ಆಗ ತೊಂಬತ್ತರ ದಶಕದ ಮೊದಲ ವರ್ಷಗಳು. ನಿಮ್ಮ ಅಪ್ಪ ರಮೇಶನಿಗೆ ಮೀಸೆ ಬಂದಿತ್ತಷ್ಟೆ. ಕಳಸದ ಕಡೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ಅವನಿಗೆ ರೈಟರ್ ಕೆಲಸ ಸಿಗುವುದರಲ್ಲಿತ್ತು — ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುವುದು. ಸ್ವಂತ ಬೈಕಿದ್ದರೆ ಮಾತ್ರ ಬಾ ಎಂದಿದ್ದರು. ಅವನು ಗೋಣಿಚೀಲ ತೆಗೆದುಹಾಕಿ ಹಸನಬ್ಬನವರನ್ನು ಕರೆತಂದ.

ಹಸನಬ್ಬನವರು ನಿಮ್ಮ ಅಜ್ಜನ ಕಾಲದಿಂದ ಆ ಬೈಕು ನೋಡಿಕೊಂಡವರು. ಮೂಡಿಗೆರೆಯ ಹಾದಿಯಲ್ಲಿ ಅವರದೊಂದು ತಗಡಿನ ಶೆಡ್ಡು. ಸುತ್ತಿನ ತೋಟಗಳ ಜೀಪು, ಕಾಫಿ ಹೂವಿಗೆ ನೀರು ಹಾರಿಸುವ ಪಂಪಿನ ಎಂಜಿನ್ನು, ಎಲ್ಲ ಅವರ ಕೈಗೇ ಹೋಗುತ್ತಿದ್ದವು. ಬಾಯಲ್ಲಿ ಸದಾ ಎಲೆ‌ಅಡಿಕೆ. ನಮ್ಮ ಮನೆಯ ಕುಡಿಯುವ ನೀರಿಗೆ ನಾನು ಲಾವಂಚದ ಬೇರು ಹಾಕಿ ಕುದಿಸುತ್ತೇನಲ್ಲ, ಆಗಲೂ ಹಾಗೇ. ಅದನ್ನು ಕುಡಿದು ಅವರು ಪ್ರತಿ ಸಲ ಹೇಳುವುದೊಂದೇ ಮಾತು: "ನಿಮ್ಮನೇಲಿ ನೀರು ಕುಡಿಯೋದಲ್ಲ ಅಕ್ಕ, ಜಗಿಯೋದು. ಬೇರು ಹಲ್ಲಿಗೆ ಸಿಕ್ತದೆ."

ಮೊದಲ ದಿನ ರಮೇಶ ಅವಸರದಿಂದ ಕಿಕ್ ಹೊಡೆಯಲು ಹೋದಾಗ ಅವರು ಗದರಿದರು. "ಎಂತ ಮಾರಾಯ, ಮೂರು ವರ್ಷ ಮಲಗಿದ್ದವನನ್ನ ಎಬ್ಬಿಸಿ ಓಡು ಅಂದ್ರೆ ಓಡ್ತಾನಾ? ಮೊದ್ಲು ಕೈಕಾಲು ಆಡ್ಲಿ." ಪ್ಲಗ್ ಬಿಚ್ಚಿ ಆ ತೂತಿಗೆ ಒಂದಿಷ್ಟು ಆಯಿಲ್ ಬಿಟ್ಟು, ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರು. ಒಳಗೆ ಏನೂ ಹಿಡಿದುಕೊಂಡಿಲ್ಲ ಎಂದು ಗೊತ್ತಾದ ಮೇಲೆಯೇ ಮುಂದಿನದು. ಗಾಳಿ ಹೋಗುವ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿತ್ತು. ಕಾಫಿ ಸಿಪ್ಪೆ, ಗೋಣಿಯ ನಾರು. "ಬಾಡಿಗೆ ಕೊಡದ ಗಿರಾಕಿ" ಎಂದು ಅದನ್ನು ಎಳೆದು ಹಾಕಿದರು. ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಹಿಡಿದು ರಮೇಶನಿಂದ ಕಿಕ್ ಹೊಡೆಸಿದರು, ಕಿಡಿ ಇಲ್ಲ. ಕಿಡಿ ಹುಟ್ಟುವ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿದರು, ನೀಲಿ ಕಿಡಿ ಬಂತು. ಟ್ಯಾಂಕಿನೊಳಗೆ ಹಳೇ ಪೆಟ್ರೋಲು ಅಂಟಾಗಿ ನಾರುತ್ತಿತ್ತು. ಸಣ್ಣ ಕಲ್ಲು ಹಾಕಿ ಕುಲುಕಿ, ತುಕ್ಕು ಉದುರಿಸಿ, ತೊಳೆದು, ಕಣದಲ್ಲಿ ಒಣಗುತ್ತಿದ್ದ ಕಾಫಿಯ ನಡುವೆ ಕವುಚಿ ಹಾಕಿದರು. ಕುಯ್ಲಿನ ಕಾಲ, ಒಳ್ಳೆಯ ಬಿಸಿಲು. ಒಂದು ಹನಿ ತೇವವೂ ಉಳಿಯದಂತೆ ಒಣಗಿಸಿದ್ದನ್ನು ಎಲ್ಲರೂ ನೋಡಿದ್ದರು — ಇದು ನೆನಪಿರಲಿ.

ಟ್ಯಾಂಕು ಒಣಗುತ್ತಿರುವಾಗಲೇ ಬಾಟಲಿಯಿಂದ ಒಂದಿಷ್ಟು ಪೆಟ್ರೋಲು ಬಿಟ್ಟು ಎಂಜಿನ್ ಚಾಲು ಮಾಡಿದರು. ನಾನು ಒಲೆಯ ಮುಂದಿದ್ದೆ. ಅದೇ ಸದ್ದು. ನಿಮ್ಮ ಅಜ್ಜ ಬೇಲಿಯ ತಿರುವು ದಾಟಿದಾಗ ಕೇಳುತ್ತಿದ್ದ ಸದ್ದು. ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕಲೇ ಎಂದು ನನ್ನ ಕೈ ಡಬ್ಬಿಗೆ ಹೋಯಿತು — ಆಮೇಲೆ ನೆನಪಾಯಿತು.

ಮಾರನೆಯ ದಿನ ರಮೇಶ ಎಸ್ಟೇಟಿಗೆ ಹೋಗಿ ಹಾಜರಾಗಬೇಕು. ಹಸನಬ್ಬನವರು ಮೊದಲ ಬಸ್ಸಿಗೇ ಮೂಡಿಗೆರೆಯಿಂದ ಕ್ಯಾನಿನಲ್ಲಿ ಪೆಟ್ರೋಲು ತಂದು, ಟ್ಯಾಂಕು ಕೂರಿಸಿ ತುಂಬಿದರು. ಅವರನ್ನೂ ರಮೇಶನನ್ನೂ ತಿಂಡಿಗೆ ಕರೆದು ಜಗಲಿಯಲ್ಲಿ ಕಡುಬು ಬಡಿಸಿದೆ. "ಕಳಸದ ರೋಡಲ್ಲಿ ಇವತ್ತು ನೋಡಿ ಹೆಂಗ್ ಬಿಡ್ತೀನಿ" ಎಂದ ರಮೇಶ. "ಮೆಲ್ಲ ಮಾರಾಯ" ಎಂದರು ಅವರು. ನಾನು ಕುಡಿಯುವ ನೀರು ತರಲು ಒಳಗೆ ಹೋದೆ. ಹಂಡೆಯಿಂದ ಚೊಂಬಿಗೆ ನೀರು ತುಂಬಿಕೊಂಡೆ. ಜಗಲಿಗೆ ಬರಬೇಕಾದವಳು ಹಿತ್ತಲ ಬಾಗಿಲಿನಿಂದ ಶೆಡ್ಡಿಗೆ ಹೋದೆ.

ಮುಚ್ಚಳ ತಿರುಗಿಸುವುದು ನನಗೆ ಗೊತ್ತಿತ್ತು. ಅಷ್ಟೂ ಸುರಿದೆ. ಮತ್ತೆ ಒಳಗೆ ಬಂದು, ಅದೇ ಚೊಂಬನ್ನು ಅದೇ ಹಂಡೆಯಿಂದ ತುಂಬಿಕೊಂಡು, ಅವರಿಬ್ಬರ ಲೋಟಕ್ಕೂ ಬಗ್ಗಿಸಿದೆ.

ತಿಂಡಿ ಮುಗಿಸಿ ರಮೇಶ ಬೈಕನ್ನು ಅಂಗಳಕ್ಕೆ ತಂದು ಕಿಕ್ ಹೊಡೆದ. ಎಂಜಿನ್ನು ಎರಡು ಸಲ ಗುಡುಗಿ ನಿಂತುಹೋಯಿತು. ಪಕ್ಕದ ತೋಟದ ಮಂಜಪ್ಪಣ್ಣ ನೋಡಲು ಬಂದಿದ್ದರು, ಕಣದಲ್ಲಿದ್ದ ಆಳುಗಳೂ ಸೇರಿದ್ದರು. ಹಸನಬ್ಬನವರು ಪ್ಲಗ್ ಬಿಚ್ಚಿ ನೋಡಿದರು, ಕಿಡಿ ಇತ್ತು. "ಅಕ್ಕ, ಒಂದು ಗಾಜಿನ ಲೋಟ ಕೊಡಿ" ಎಂದರು. ನಾನೇ ತಂದುಕೊಟ್ಟೆ. ಕಾರ್ಬರೇಟರಿನ ತಳ ಬಿಚ್ಚಿ ಲೋಟಕ್ಕೆ ಇಳಿಸಿದರು. ಮೇಲೆ ಪೆಟ್ರೋಲು, ತಳದಲ್ಲಿ ನೀರು. ನಡುವೆ ಗೆರೆ ಎಳೆದಂತೆ.

ಆಮೇಲೆ ಟ್ಯಾಂಕನ್ನು ಕಳಚಿ, ಪೆಟ್ರೋಲು ಚೆಲ್ಲದಂತೆ ವಾಲಿಸಿಟ್ಟು, ಅದರ ನಲ್ಲಿ ಬಿಚ್ಚಿದರು. ಅದರ ಸಣ್ಣ ಜಾಲರಿಗೆ ಕೂದಲಿನಂಥ ಏನೋ ಸುತ್ತಿಕೊಂಡಿತ್ತು. ಉಗುರಿನಿಂದ ಎತ್ತಿ ಬೆಳಕಿಗೆ ಹಿಡಿದರು. ಲಾವಂಚದ ಎಳೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಒಂದು ಕ್ಷಣ ಇರಬಹುದು. ಆ ಎಳೆಯನ್ನು ಅವರು ಪ್ಯಾಂಟಿಗೆ ಒರೆಸಿಕೊಂಡರು. ಯಾರೂ ಗಮನಿಸಲಿಲ್ಲ.

"ನೀರು ಹೆಂಗೆ ಬಂತು?" ಎಂದ ರಮೇಶ. "ನಿನ್ನೆ ಒಣಗಿಸಿದ್ದು ನಾವೇ ಅಲ್ವಾ?"

"ಕ್ಯಾನಲ್ಲಿ ಇತ್ತೋ ಎಂತದೋ. ನಾನು ನೋಡ್ಲಿಲ್ಲ" ಎಂದರು ಹಸನಬ್ಬನವರು. "ಇದನ್ನ ಖಾಲಿ ಮಾಡಿ ಬೇರೆ ಹಾಕಿದ್ರೆ ಆಯ್ತು. ಮುಂದಿನ ಬಸ್ಸಿಗೆ ಹೋಗಿ ತರ್ತೇನೆ."

ಮುಂದಿನ ಬಸ್ಸಿನ ಹೊತ್ತಿಗೆ ಎಸ್ಟೇಟಿನವರು ಹೇಳಿದ ಸಮಯ ಮೀರಿಹೋಗುತ್ತಿತ್ತು. ರಮೇಶನ ಮುಖ ಕೆಂಪಾಯಿತು. "ಅರ್ಧ ಪೆಟ್ರೋಲು ಮಾರ್ಕೊಂಡು ನೀರು ತುಂಬಿಸಿ ತಂದಿದೀರಿ. ನಮ್ಮಪ್ಪ ಸತ್ತ ಮನೆ ಅಂತನೂ ನೋಡ್ಲಿಲ್ವಲ್ಲ ನೀವು."

ಹಸನಬ್ಬನವರಿಗೆ ಒಂದೇ ಒಂದು ಮಾತು ಸಾಕಿತ್ತು — ನಿನ್ನ ಅಮ್ಮನನ್ನ ಕೇಳು ಎಂದಿದ್ದರೆ... ಎನ್ನಲಿಲ್ಲ. ಸ್ಪ್ಯಾನರುಗಳನ್ನು ಬಟ್ಟೆಗೆ ಸುತ್ತಿಕೊಂಡರು. ಮಂಜಪ್ಪಣ್ಣ ನಕ್ಕು, "ಏನು ನೀರು ಹಸನಬ್ಬನೋರೇ, ಹಾಲಿನ ಡೈರಿ ಇಡಿ ಇನ್ನು" ಎಂದರು. ಆಳುಗಳೂ ನಕ್ಕರು. ಹೆಸರು ಅಲ್ಲಿ ಹುಟ್ಟಿದ್ದು, ನಮ್ಮ ಅಂಗಳದಲ್ಲಿ, ನನ್ನ ಕಣ್ಣೆದುರಿಗೆ.

ರಮೇಶ ಬೈಕನ್ನು ತಳ್ಳಿಕೊಂಡು ಹೋಗಿ ಶೆಡ್ಡಿನಲ್ಲಿ ನಿಲ್ಲಿಸಿದ. ಕೆಲಸ ಬೇರೆಯವರಿಗೆ ಹೋಯಿತು. ಇದನ್ನು ಇನ್ನು ಯಾರೂ ಮುಟ್ಟಬಾರದು ಎಂದ. ಆ ನೀರು ಅದರ ಹೊಟ್ಟೆಯಲ್ಲೇ ಉಳಿದು ಟ್ಯಾಂಕನ್ನು ತಿಂದುಹಾಕಿತು.

ಆ ವರ್ಷ ಕಾಫಿ ಹೂವಿನ ಹೊತ್ತಿಗೆ ಪಂಪು ಕೆಟ್ಟರೆ ಯಾರೂ ಹಸನಬ್ಬನವರನ್ನು ಕರೆಯಲಿಲ್ಲ. ಡೀಸೆಲ್ಲಿಗೂ ನೀರು ಹಾಕಿಯಾನು ಎಂದು ನಗುತ್ತಿದ್ದರು. ಮುಂದಿನ ಮಳೆಗಾಲಕ್ಕೆ ಮೊದಲೇ ಅವರ ಶೆಡ್ಡು ಮುಚ್ಚಿತು. ಘಟ್ಟದ ಕೆಳಗೆ ತಮ್ಮನ ಮನೆಗೆ ಹೋದರು ಎಂದು ಕೇಳಿದೆ.

ಭಯದಿಂದ ಮಾಡಿದೆ ಎಂದರೆ ನೀವು ಕ್ಷಮಿಸಿಬಿಡುತ್ತೀರಿ. ನೀರು ಹಾಕಿದ್ದು ಭಯದಿಂದ ಹೌದು — ಗಂಡನನ್ನು ಕೊಂದ ದಾರಿ, ಅದೇ ಬೈಕು, ಅದರ ಮೇಲೆ ಮಗ. ಆದರೆ ಆಮೇಲೆ ಬಾಯಿ ಮುಚ್ಚಿಕೊಂಡಿದ್ದು? ಅದು ಭಯವಲ್ಲ. ಆಳುಗಳ ಮುಂದೆ ಮಗ ನನ್ನನ್ನು ಬೈದಾನು, ಮಂಜಪ್ಪಣ್ಣ ನಗಾಡಿಯಾರು ಎಂದು. ಅಷ್ಟಕ್ಕೆ. ಒಂದು ಹೊತ್ತಿನ ನಾಚಿಕೆಯಿಂದ ತಪ್ಪಿಸಿಕೊಳ್ಳಲು ಅವರ ಬದುಕಿನ ಮಾನವನ್ನು ಕೊಟ್ಟೆ. ಆ ಸಂಜೆ ಹೇಳಬಹುದಿತ್ತು. ಮಾರನೆಯ ದಿನ ಹೇಳಬಹುದಿತ್ತು. ಶೆಡ್ಡು ಮುಚ್ಚಿದ ಸುದ್ದಿ ಬಂದಾಗಲೂ... ದಿನ ಕಳೆದಂತೆಲ್ಲ ಹೇಳುವುದು ಕಷ್ಟವಾಗುತ್ತ ಹೋಯಿತು, ಸುಮ್ಮನಿರುವುದು ಸುಲಭವಾಗುತ್ತ ಹೋಯಿತು. ರಮೇಶ ಜೀವಂತ ಉಳಿದದ್ದು ಇದರಿಂದಲೇ ಎಂದು ಮನಸ್ಸು ಒಮ್ಮೊಮ್ಮೆ ಹೇಳುತ್ತದೆ. ನಂಬಬೇಡಿ. ಆ ದಾರಿಯಲ್ಲಿ ಎಷ್ಟೋ ತಾಯಂದಿರ ಮಕ್ಕಳು ಹೋಗಿ ಬರುತ್ತಾರೆ.

ಒಂದು ಸಲ ಸಿಕ್ಕಿದ್ದರು. ಸಿಂಚನಾ, ನೀನು ಆಗ ಕೈಗೂಸು. ನಿನ್ನನ್ನು ಡಾಕ್ಟರಿಗೆ ತೋರಿಸಿಕೊಂಡು ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ನಿನ್ನ ಅಮ್ಮ ಔಷಧಿ ತರಲು ಹೋಗಿದ್ದಳು. ಹಸನಬ್ಬನವರು ತಾವಾಗಿಯೇ ಹತ್ತಿರ ಬಂದರು. ಗಡ್ಡ ಬೆಳ್ಳಗಾಗಿತ್ತು.

"ಹೇಗಿದ್ದೀರಿ ಅಕ್ಕ? ಮೊಮ್ಮಗಳಾ?" ಎಂದರು. ನಿನ್ನ ಕೆನ್ನೆ ಮುಟ್ಟಲು ಚಾಚಿದ ಬೆರಳನ್ನು, ಗ್ರೀಸು ಇದೆಯೇನೋ ಎಂಬಂತೆ ನೋಡಿಕೊಂಡು ಹಿಂದೆ ತೆಗೆದರು. ಆಮೇಲೆ ಕೇಳಿದರು, "ಹುಡುಗ ಬೈಕ್ ಬಿಡ್ತಾ ಇಲ್ಲ ಅಲ್ವಾ?"

"ಇಲ್ಲ" ಎಂದೆ.

"ಹಾಗಾದ್ರೆ ಆಯ್ತು ಬಿಡಿ."

ಕೊಂಕಿರಲಿಲ್ಲ ಆ ಮಾತಿನಲ್ಲಿ. ಕೊಂಕಿದ್ದರೆ ನನಗೆ ಸಹಿಸುವುದು ಸುಲಭವಾಗುತ್ತಿತ್ತು. ತಪ್ಪಾಯಿತು ಎನ್ನಲು ಬಾಯಿ ತೆರೆದೆ — ಬಸ್ಸು ಬಂತು. ಬಸ್ಸು ಬಂತು ಎಂದು ಬರೆದೆನಲ್ಲ, ಅದೂ ಸುಳ್ಳು. ಬಸ್ಸು ಆಗಲೇ ನಿಂತಿತ್ತು. ನಾನೇ ನಿನ್ನನ್ನು ಎತ್ತಿಕೊಂಡು ಬೇಗ ಹತ್ತಿದೆ. ನಿನ್ನ ಅಮ್ಮ ಬಂದು ಹತ್ತುವವರೆಗೂ ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು ಎಂದು ಸಂತೆಯಲ್ಲಿ ಯಾರೋ ಹೇಳಿದರು. "ನೀರು ಹಸನಬ್ಬ ಹೋದನಂತೆ" ಎಂದೇ ಹೇಳಿದರು.

ನಾಳೆ ಬೆಳಗ್ಗೆ ಇದನ್ನು ಮೊದಲು ನಿಮ್ಮ ಅಪ್ಪನ ಕೈಗೆ ಕೊಡುತ್ತೇನೆ. ಓದುವಾಗ ಎದುರಿಗೇ ಕೂತಿರುತ್ತೇನೆ, ಒಳಗೆ ಹೋಗುವುದಿಲ್ಲ. ಅವನು ಸಿಟ್ಟಿನಿಂದ ಇದನ್ನು ಹರಿಯಬಹುದು. ಅಥವಾ ನನ್ನ ಮೇಲಿನ ಕನಿಕರದಿಂದ, ಅಮ್ಮನ ಮರ್ಯಾದೆ ಹೋಗಬಾರದೆಂದು ಒಲೆಗೆ ಹಾಕಬಹುದು. ಎರಡಕ್ಕೂ ಬಿಡಬೇಡಿ. ಹಾಳೆಗಳನ್ನು ಅವನಿಂದ ಇಸಿದುಕೊಳ್ಳಿ, ನಿಮ್ಮ ಪುಸ್ತಕಗಳ ಜೊತೆ ಜೋಪಾನವಾಗಿಡಿ. ಎಂದಾದರೂ, ಯಾರಾದರೂ ನಿಮ್ಮೆದುರು ಆ ಹೆಸರು ಹೇಳಿ ನಕ್ಕರೆ — ಇವನ್ನು ತೆಗೆದು, ನಾನು ಓದಲಾರದಷ್ಟು ಗಟ್ಟಿಯಾಗಿ, ನೀವು ಓದಿ.