ಮದೀನಾಬೀಯ ಕೆಲಸ ಮತ್ತು ಸೂಗಮ್ಮನವರ ತಕರಾರು ಪತ್ರ

ಕಾಲುವೆಯ ನೀರು ಶಹಾಪುರದ ಹೊಲಗಳಿಗೆ ಹರಿದು, ಜೋಳದ ನೆಲದಲ್ಲಿ ಭತ್ತ ಬೆಳೆದು, ಅದರ ಬೆನ್ನಿಗೇ ಅಕ್ಕಿ ಗಿರಣಿಗಳು ಎದ್ದ ಕಾಲದಿಂದ ಈ ಸೀಮೆಯಲ್ಲಿ ಗುಣಮಟ್ಟವೆಂಬ ಮಾತಿಗೆ ಘನತೆ ತಂದವರಲ್ಲಿ ಶ್ರೀಮತಿ ಸೂಗಮ್ಮನವರು ಮುಂಚೂಣಿಯವರು. ರಂಗಂಪೇಟೆಯಿಂದ ದಿನವೂ ಬಸ್ಸಿನಲ್ಲಿ ಬಂದು, ಇಪ್ಪತ್ತೆಂಟು ವರ್ಷ ದುಡಿದು, ನಮ್ಮ ಗಿರಣಿಯ ಗುಣಮಟ್ಟ ವಿಭಾಗದ ಮುಖ್ಯಸ್ಥರಾಗಿ ಅವರೀಗ ನಿವೃತ್ತರಾಗುತ್ತಿದ್ದಾರೆ. ನಾನು ಅವರ ಕೈಕೆಳಗೆ ಸೇರಿದ ಮೊದಲ ವಾರ ದಾಖಲೆ ಪುಸ್ತಕದಲ್ಲಿ ತಪ್ಪು ಬರೆದ ಪುಟವೊಂದನ್ನು ಹರಿದು ಹಾಕಿದ್ದೆ. ಅವರು ಗದರಲಿಲ್ಲ, ತಪ್ಪಿನ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುವುದನ್ನು ಕಲಿಸಿದರು.

ಗಿರಣಿಗೆ ಗುಣಮಟ್ಟದ ಪ್ರಮಾಣಪತ್ರ ಕೊಡುವ ಸಂಸ್ಥೆ 2019ರಲ್ಲಿ ನಡೆಸಿದ ಪರಿಶೋಧನೆಯನ್ನು ಮಾತ್ರ ಬಿಡಿಸಿ ಹೇಳಬೇಕು. ಒಣಗಿದ ಭತ್ತದ ತೇವ ಅಳೆದು ದಾಖಲಿಸುತ್ತಿದ್ದವಳು ಮದೀನಾಬೀ. ಆಕೆಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಆ ಕೆಲಸಕ್ಕೆ ಬರೆದಿಟ್ಟ ಕಾರ್ಯವಿಧಾನವಿಲ್ಲವೆಂದು ಪರಿಶೋಧಕರು ಆಕ್ಷೇಪಿಸಿದರು.

"ಹೋದ ವರ್ಷ ಬಂದವ್ರು ಇದನ್ನ ಸರಿ ಅಂದಾರ್ರಿ. ಬರೆದಿಡಲೇಬೇಕು ಅಂತ ಹೊಸ ಮಾನದಂಡದಾಗ ಎಲ್ಲಿ ಐತಿ, ತೋರಿಸ್ರಿ," ಎಂದರು ಸೂಗಮ್ಮ.

"ಅವರು ಒಪ್ಪಿರಬಹುದು, ನಾನು ಒಪ್ಪುವುದಿಲ್ಲ."

"ಹಂಗಾದ್ರ ಆಕಿನ್ನೇ ಕೇಳ್ರಿ."

ಮದೀನಾಬೀ ತಡವರಿಸಲಿಲ್ಲ. "ತೇವ ನೂರಕ್ಕ ಹದಿನಾಲ್ಕು ದಾಟಿದ್ರ ಚೀಲ ತುಂಬಸಂಗಿಲ್ರಿ. ಮತ್ತ ಹರವಿಸಿ, ತಾಸು ಬಿಟ್ಟು ನೋಡ್ತೀನಿ." ದಾಖಲೆಯೂ ಹಾಗೇ ಇತ್ತು. ಆದರೂ ಆಕ್ಷೇಪ ವರದಿಗೆ ಸೇರಿತು.

ಪ್ರಮಾಣಪತ್ರ ಹೋದರೆ ದೊಡ್ಡ ಖರೀದಿದಾರರು ಕೈಬಿಡುತ್ತಾರೆಂಬ ಚಿಂತೆ ಮಾಲೀಕರಾದ ಹಂಪಣ್ಣನವರಿಗೆ. "ಒಂದು ಕಾಗದ ಬರದು ಹಿಂದಿನ ತಾರೀಖು ಹಾಕ್ರಿ. ಆಕಿ ಜಾಗಾಕ್ಕ ಓದಿದವ್ರನ್ನ ತರೋಣು," ಎಂದರು.

"ಸುಳ್ಳು ತಾರೀಖು ನಾ ಹಾಕಂಗಿಲ್ರಿ. ಆಕಿನ್ನ ತಗದ್ರ ನನ್ನೂ ತಗೀರಿ."

ಅಂದೇ ಅವರು ಪ್ರಮಾಣೀಕರಣ ಸಂಸ್ಥೆಗೆ ತಕರಾರು ಪತ್ರ ಬರೆದರು. ತೇವ ಅಳೆಯುವ ಯಂತ್ರದ ವಾರ್ಷಿಕ ತಪಾಸಣೆ ಎರಡು ತಿಂಗಳು ತಡವಾಗಿದ್ದನ್ನು ಪರಿಶೋಧಕರು ಗಮನಿಸಿರಲಿಲ್ಲ. ಅದನ್ನೂ ಪತ್ರದಲ್ಲಿ ಸೇರಿಸಿದರು.

"ಅವ್ರು ಕೇಳೇ ಇಲ್ಲ, ನೀವ್ಯಾಕ ಹೇಳ್ತೀರಿ?" ಎಂದು ನಾನು ಗಾಬರಿಯಾದೆ.

"ಉಳಿದಿದ್ದು ಅವ್ರು ನಂಬಬೇಕಲ್ಲಪಾ," ಎಂದರು.

ಮೂರು ವಾರ ಕಾದೆವು. ಕೊನೆಗೆ ಉತ್ತರ ಬಂತು: ಲಿಖಿತ ವಿಧಾನದ ಆಕ್ಷೇಪ ರದ್ದು, ಯಂತ್ರದ ತಪಾಸಣೆಯದು ನಿಜವಾದ ಲೋಪ, ತಿಂಗಳೊಳಗೆ ಸರಿಪಡಿಸತಕ್ಕದ್ದು. ಸರಿಪಡಿಸಿದೆವು, ಪ್ರಮಾಣಪತ್ರವೂ ಮದೀನಾಬೀಯ ಕೆಲಸವೂ ಉಳಿದವು. ಹಂಪಣ್ಣನವರು ತಾವೇ ಹೋಗಿ ಆಕೆಗೆ ಸುದ್ದಿ ಹೇಳಿದರು.

ಸುರಪುರದ ಮೂರು ಸಣ್ಣ ಗಿರಣಿಗಳು ಈಗಾಗಲೇ ಸೂಗಮ್ಮನವರ ಸಲಹೆ ಬೇಡಿವೆ, ಅವರೂ ಒಪ್ಪಿದ್ದಾರೆ. ಆಯುಷ್ಯ ಆರೋಗ್ಯಗಳು ಅವರಿಗೆ ತುಂಬಿ ಬರಲಿ. ಅಲ್ಲಿನ ಪರಿಶೋಧಕರೂ ಅವರೊಡನೆ ಮನಸಾರೆ ವಾದಿಸಲಿ.