ಅಣ್ಣನಿಗೆ ಮೊದಲು ಬರಬೇಕಿದ್ದ ಕರೆಂಟು

ಮರಳವಾಡಿಯಲ್ಲಿ ಹುಟ್ಟಿ, ಮದುವೆಯಾಗಿ ಮಾಗಡಿ ಸೇರಿದ ನಯನಾ ಐಟಿಐ ಮುಗಿಸಿ ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್. ಆರು ವರ್ಷದಿಂದ ಸುತ್ತಲಿನ ಊರುಗಳಲ್ಲಿ ಮನೆ ವೈರಿಂಗ್ ಮಾಡುತ್ತಿದ್ದಾಳೆ. ಏಣಿ ಹೊತ್ತು ಯಾರ ಬಾಗಿಲಿಗೆ ಹೋದರೂ ಮೊದಲ ಪ್ರಶ್ನೆ ಒಂದೇ: “ವೈರಿಂಗ್ ಮಾಡೋರು ಹಿಂದೆ ಬತ್ತಾವ್ರೇನಮ್ಮ?” ಅವಳ ಗಂಡ ಪುನೀತ್ ಕನ್ನಡ ಮೇಷ್ಟ್ರು; ಪ್ಲಗ್ ಸಿಕ್ಕಿಸುವಾಗಲೂ ಕಣ್ಣು ಮುಚ್ಚಿಕೊಳ್ಳುವ ವೀರ. ಆದರೂ ಜನರ ಭರವಸೆಯೆಲ್ಲ ಅವನ ಮೇಲೆಯೇ.

ಕಲ್ಯ ಎಂಬ ಊರಿನ ಹನುಮಂತಯ್ಯನವರೂ ಅದನ್ನೇ ಕೇಳಿದರು. ಅವರದು ಪಾಲಾದ ಮನೆ. ನಡುವೆ ಗೋಡೆ ಎದ್ದು, ಈಚೆ ಇವರು, ಆಚೆ ತಮ್ಮ ನಂಜುಂಡಯ್ಯ. ಎರಡು ವರ್ಷದಿಂದ ಮಾತಿಲ್ಲ. ಕರೆಂಟ್ ಮೀಟರ್ ಮಾತ್ರ ಒಂದೇ ಉಳಿದಿತ್ತು. ಅದನ್ನೂ ಗರಗಸದಲ್ಲಿ ಸೀಳುವ ಉಪಾಯ ಪಂಚಾಯ್ತಿದಾರರಿಗೆ ಹೊಳೆದಿರಲಿಲ್ಲ.

“ನಾನು ಹಿರಿಯ. ಕರೆಂಟು ಮೊದ್ಲು ನನ್ ಮನೇಗ್ ಬರ್ಬೇಕು. ಮಿಕ್ಕಿದ್ದು ಅವನಿಗೋಗ್ಲಿ,” ಎಂದರು ಹನುಮಂತಯ್ಯ.

“ಕರೆಂಟಿಗೆ ಹಿರೀರು ಕಿರೀರು ಗೊತ್ತಾಗಲ್ಲ ಯಜಮಾನ್ರೇ. ಎರಡು ಕವಲು ಮಾಡ್ತೀನಿ. ಇಬ್ರಿಗೂ ಒಂದೇ ವೋಲ್ಟೇಜು. ಯಾರ ಮನೇಲಿ ಎಷ್ಟು ಸಾಮಾನು ಓಡುತ್ತೋ ಆ ಕವಲು ಅಷ್ಟು ಕರೆಂಟು ಎಳ್ಕೊತದೆ. ಅವ್ರು ಲೈಟ್ ಆರ್ಸುದ್ರೆ ನಿಮ್ದು ಆರಲ್ಲ.”

“ನಾನ್ ಆರ್ಸುದ್ರೆ?”

“ಅವ್ರದ್ದೂ ಆರಲ್ಲ.”

ಹನುಮಂತಯ್ಯನವರ ಮುಖ ಸಪ್ಪಗಾಯಿತು. ಇಂಥ ವೈರಿಂಗಿಗೆ ಯಾಕಾದರೂ ಕರೆಸಿದೆನೋ ಅನ್ನಿಸಿರಬೇಕು.

“ಒಂದ್ ಮಾತು,” ಎಂದಳು ನಯನಾ. “ಎರಡೂ ಕವಲಿನ ಕರೆಂಟು ಸೇರಿ ಮೀಟರಿಂದ ಬರೋ ಈ ಒಂದು ವೈರಲ್ಲೇ ಹರೀಬೇಕು. ಇದು ಹಳೇದು, ಸಣ್ಣದು. ಬದಲಾಯಿಸ್ಬುಡಿ.”

“ನಮ್ಮಪ್ಪನ ಕಾಲದ್ದು ಕಣಮ್ಮ. ಏನೂ ಆಗಲ್ಲ.”

ನಯನಾ ಎರಡು ಕವಲು ಎಳೆದು ಹೋದಳು. ತಿಂಗಳೊಳಗೆ ತಮ್ಮ ನಂಜುಂಡಯ್ಯ ಗೀಸರು ತಂದ. ಸೌದೆ ಒಲೆಯ ನೀರೇ ಸುಖವೆಂದಿದ್ದ ಅಣ್ಣನಿಗೆ ಮರುದಿನವೇ ಮೈಕೈ ನೋವು ಶುರುವಾಗಿ, ಅದಕ್ಕಿಂತ ದೊಡ್ಡ ಗೀಸರು ಬಂತು. ಬೆಳಿಗ್ಗೆ ಎರಡೂ ಒಟ್ಟಿಗೆ ಓಡಿದಾಗಲೆಲ್ಲ ಮೀಟರ್ ಪಕ್ಕದ ಫ್ಯೂಸು ಸುಟ್ಟುಹೋಗುತ್ತಿತ್ತು. ಹನುಮಂತಯ್ಯನವರು ತಪ್ಪು ಫ್ಯೂಸಿನದೇ ಎಂದು ತೀರ್ಮಾನಿಸಿ, ಅದಕ್ಕೆ ದಪ್ಪ ತಾಮ್ರದ ತಂತಿ ಸುತ್ತಿದರು. ಆಮೇಲೆ ಅದು ಸುಡಲಿಲ್ಲ. ನಯನಾಳ ಓದಿಗಿಂತ ತಮ್ಮ ಅನುಭವ ದೊಡ್ಡದೆಂದು ಮೂರು ದಿನ ಬೀಗಿದರು.

ನಾಲ್ಕನೇ ಬೆಳಿಗ್ಗೆ ಅವರ ಹೆಂಡತಿ ಬೈರಮ್ಮ ಗಂಡನನ್ನು ಕೇಳದೆ ನಯನಾಳಿಗೆ ಫೋನ್ ಮಾಡಿದರು. “ಗೋಡೆ ಬಿಸಿಯಾಗೈತೆ ಕಣವ್ವ. ಸುಟ್ಟ ವಾಸ್ನೆ. ಒಸಿ ಬಂದೋಗು.”

“ಮೊದ್ಲು ಮೇನ್ ಆಫ್ ಮಾಡ್ಸಿ. ಯಾರೂ ಏನೂ ಮುಟ್ಬೇಡಿ. ಬತ್ತೀನಿ.”

ಬಸ್ಸಿಳಿದು ಬಂದ ನಯನಾ ನಡುಗೋಡೆಯೊಳಗಿನ ವೈರಿನ ಪೈಪು ಒಡೆದಳು. ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿ ಕಪ್ಪಾಗಿ ಅಂಟಿಕೊಂಡಿತ್ತು. ಆ ಗೋಡೆಯ ಆಚೆ ಮಗ್ಗುಲಲ್ಲೇ ನಂಜುಂಡಯ್ಯನ ಮಗಳು ಸಿರಿಯ ಮಂಚ. ನಯನಾ ಹನುಮಂತಯ್ಯನವರನ್ನು ಆಚೆ ಮನೆಗೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದಳು.

“ನಿಮ್ ಗೀಸರು ಹದಿಮೂರು ಆಂಪಿಯರು, ಅವ್ರದ್ದು ಒಂಬತ್ತು. ಇಪ್ಪತ್ತೆರಡೂ ಹದಿನೈದು ತಾಳೋ ವೈರಲ್ಲಿ ಹರಿದವೆ. ಫ್ಯೂಸು ದಿನಾ ಹೇಳ್ತಿತ್ತು. ನೀವು ಅದರ ಬಾಯಿ ಕಟ್ಟಿದ್ರಿ.”

ಹನುಮಂತಯ್ಯ ಮಂಚವನ್ನು ಗೋಡೆಯಿಂದ ದೂರಕ್ಕೆ ಎಳೆದರು. ನಯನಾ ಮೀಟರಿನ ಬಳಿ ಬಂದು ಫ್ಯೂಸನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಳು. “ದಪ್ಪ ವೈರು ತನ್ನಿ, ಎರಡು ಮನೆಗೂ ಬೇರೆ ಬೇರೆ ಎಂಸಿಬಿ ತನ್ನಿ, ಕರೆಂಟು ಜಾಸ್ತಿಯಾದ್ರೆ ತಾನೇ ಆಫ್ ಆಗೋ ಸ್ವಿಚ್ಚು ಅದು. ಅಲ್ಲೀವರ್ಗೂ ಇದು ನನ್ ಹತ್ರ ಇರ್ತದೆ.”

ಆ ಮಧ್ಯಾಹ್ನವೇ ಅಣ್ಣತಮ್ಮಂದಿರು ಮಾಗಡಿ ಬಸ್ಸು ಹತ್ತಿದರು. ಒಬ್ಬರು ಮುಂದಿನ ಸೀಟು, ಒಬ್ಬರು ಹಿಂದಿನದು. ಅಂಗಡಿಯಲ್ಲಿ ವೈರಿನ ಸುರುಳಿಯ ಅಳತೆ ನೋಡುವಾಗ ಮಾತ್ರ ಅನಿವಾರ್ಯವಾಗಿ, “ಅದು ಸಾಲ್ದು ಕಣ್ಲಾ,” ಎಂದರು ಅಣ್ಣ. ಎರಡು ವರ್ಷದ ಮೊದಲ ಮಾತು ಅದು.

ಹೊಸ ವೈರು ಎಳೆದು ನಯನಾ ಎರಡೂ ಮನೆಯ ವೋಲ್ಟೇಜು ಅಳೆದು ತೋರಿಸಿದಳು. ಎರಡೂ ಒಂದೇ. ಈಗ ಕಲ್ಯದಲ್ಲಿ ಯಾರೇ ಮನೆ ಕಟ್ಟಿಸಲಿ, ಹನುಮಂತಯ್ಯನವರು ಅವಳನ್ನೇ ಕರೆಸುತ್ತಾರೆ. ಜೊತೆಗೊಂದು ಮಾತೂ ಸೇರಿಸುತ್ತಾರೆ: “ಒಳ್ಳೆ ಹುಡ್ಗಿ. ಕವಲು ಮಾಡೋದು ನಾನೇ ಹೇಳ್ಕೊಟ್ಟಿದ್ದು.”

ನಯನಾ ಅಲ್ಲಗಳೆಯುವುದಿಲ್ಲ. ಈ ವರ್ಷ ಆ ಊರಲ್ಲೇ ಅವಳಿಗೆ ಐದು ಮನೆಯ ಕೆಲಸ ಸಿಕ್ಕಿದೆ.